ಹುಲಿ ಸೊರಗಿದೆ, ಡಾಕ್ಟರು ಯಾಕೆ ಹತ್ತಿರ ಹೋಗುತ್ತಿಲ್ಲ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಮಗನ ಹುಟ್ಟುಹಬ್ಬಕ್ಕೆಂದು ನಮ್ಮ ಭಾಗದ ಮೃಗಾಲಯದಲ್ಲಿ ಒಂದು ಹೆಣ್ಣು ಹುಲಿಯನ್ನು ವರ್ಷದ ಮಟ್ಟಿಗೆ ದತ್ತು ತೆಗೆದುಕೊಂಡಿದ್ದೇವೆ. ಅದಕ್ಕೆ 16 ವರ್ಷ. ಮೊದಲ ಸಲ ನೋಡಿದಾಗ ಗಟ್ಟಿಮುಟ್ಟಾಗಿತ್ತು. ಆರು ತಿಂಗಳಲ್ಲಿ ಸೊಂಟದ ಮೂಳೆ ಎದ್ದು ಕಾಣುವ ಹಾಗಾಗಿದೆ. ಹಿಂಗಾಲು ಬಿಗಿ ಹಿಡಿದಂತೆ ನಡೆಯುತ್ತದೆ. ಪದೇ ಪದೇ ತೊಟ್ಟಿಗೆ ಹೋಗಿ ನೀರು ಕುಡಿಯುತ್ತದೆ. ಹೋದ ಸಲ ಹುಲ್ಲು ತಿಂದು ವಾಂತಿ ಮಾಡಿಕೊಂಡಿತು. ಅದನ್ನು ನೋಡಿಕೊಳ್ಳುವ ಮೃಗಾಲಯದ ಪಾಲಕರನ್ನು ಕೇಳಿದರೆ ‘ವಯಸ್ಸಾಯ್ತಲ್ಲ ಮೇಡಂ, ಡಾಕ್ಟರು ನೋಡ್ತಿದ್ದಾರೆ’ ಅಂದರು. ನೋಡೋದು ಅಂದರೆ ಬೇಲಿಯಾಚೆ ನಿಂತು ನೋಡೋದಾ? ನಮ್ಮ ಮನೆ ನಾಯಿ ಒಂದು ದಿನ ಊಟ ಬಿಟ್ಟರೂ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಅರಿವಳಿಕೆ ಕೊಟ್ಟು ಒಂದು ಸಲ ಪೂರ್ತಿ ತಪಾಸಣೆ ಮಾಡೋಕೆ ಏನು ಕಷ್ಟ? ಇಷ್ಟು ನರಳುತ್ತಿದ್ದರೆ ದಯಾಮರಣವನ್ನಾದರೂ ಕೊಡಬಹುದಲ್ಲ? ಇನ್ನೊಂದು ಮಾತು. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಲಸಿಕೆ ಹಾಕಿದ್ದರೂ ಸತ್ತವು ಅಂತ ಓದಿದ್ದೆ. ಹಾಗಾದರೆ ಲಸಿಕೆ ಹಾಕಿ ಏನು ಬಂತು? ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ನನಗೆ ಅನಿಸುತ್ತಿದೆ.

ಉತ್ತರ:

ಮೇಡಂ, ನೀವು ಬರೆದದ್ದನ್ನು ಓದಿದರೆ ನಿಮಗೆ ಎರಡು ಅನುಮಾನ ಇರುವ ಹಾಗಿದೆ. ಹುಲಿಗೆ ನಿಜವಾಗಿ ಕಾಯಿಲೆ ಇದೆಯಾ ಅನ್ನೋದು ಒಂದು. ಇದ್ದರೆ ಡಾಕ್ಟರು ಕೈಕಟ್ಟಿ ಕೂತಿದ್ದಾರಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ, ಬಹುಶಃ ಇದೆ. ನೀವು ಕೊಟ್ಟ ವಿವರದಲ್ಲೇ ಬೇಕಾದಷ್ಟು ಸುಳಿವು ಸಿಗುತ್ತದೆ. ಎರಡನೆಯದಕ್ಕೆ ಇಲ್ಲಿ ಕೂತು ನಾನು ತೀರ್ಪು ಕೊಡಲಾರೆ. ಆದರೆ ಬೇಲಿಯಾಚೆ ನಿಂತು ನೋಡುವುದೂ ಮೃಗಾಲಯದ ಪಶುವೈದ್ಯರಾದ ನಮ್ಮ ಕೆಲಸವೇ, ಅದರಲ್ಲೂ ದೊಡ್ಡ ಪಾಲು. ಅದು ಯಾಕೆ ಅಂತ ಹೇಳುತ್ತೇನೆ.

ಮೊದಲು ಚಿಂತೆ ಪಡಬೇಕಿಲ್ಲದ ಸಂಗತಿಗಳನ್ನು ಬದಿಗಿಡೋಣ. ಹುಲಿ ಹುಲ್ಲು ತಿನ್ನುವುದು ಕಾಯಿಲೆಯ ಗುರುತಲ್ಲ. ಕಾಡಿನ ಹುಲಿಯ ಹಿಕ್ಕೆಯಲ್ಲೂ ಹುಲ್ಲು ಸಿಗುತ್ತದೆ. ನೆಕ್ಕಿ ನುಂಗಿದ ಕೂದಲು ಹೊಟ್ಟೆಯಲ್ಲಿ ಗಂಟು ಕಟ್ಟಿದ್ದರೆ ಹುಲ್ಲಿನ ಜೊತೆ ಹೊರಬರುತ್ತದೆ. ತಿಂಗಳಿಗೊಮ್ಮೆ ಹೀಗೆ ವಾಂತಿಯಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ತಿಂದ ಮಾಂಸವೇ ವಾರದಲ್ಲಿ ಎರಡು ಮೂರು ಸಲ ಹೊರಬಂದರೆ ಆ ಮಾತು ಬೇರೆ. ಹಾಗೆಯೇ ಎಷ್ಟೋ ಜನ ಹುಲಿಯ ಹೊಟ್ಟೆಯ ಕೆಳಗೆ ಜೋತಾಡುವ ಚರ್ಮ ನೋಡಿ ಗಡ್ಡೆ ಅಂತಲೋ, ಗಬ್ಬ ಅಂತಲೋ ದೂರು ಬರೆಯುತ್ತಾರೆ. ಅದು ಬೆಕ್ಕಿನ ಜಾತಿಯ ಎಷ್ಟೋ ಪ್ರಾಣಿಗಳಿಗೆ ಇರುವ ಸಡಿಲ ಚರ್ಮ, ಅಷ್ಟೇ. ‘ಇವತ್ತು ಊಟವನ್ನೇ ಹಾಕಿಲ್ಲ’ ಅನ್ನುವ ದೂರಂತೂ ಸದಾ ಇದ್ದದ್ದೇ. ಮೃಗಾಲಯದ ಹುಲಿ ಸಿಂಹಗಳಿಗೆ ವಾರಕ್ಕೊಂದು ದಿನ ಉಪವಾಸ. ಎಷ್ಟೋ ಕಡೆ ಅದು ವಾರದ ರಜೆಯ ದಿನ. ಕಾಡಿನಲ್ಲಿ ಹುಲಿಗೆ ದಿನವೂ ಬೇಟೆ ಸಿಗುವುದಿಲ್ಲ. ಒಂದು ಸಲ ಸಿಕ್ಕರೆ ಹೊಟ್ಟೆ ಬಿರಿಯೆ ತಿಂದು ಆಮೇಲೆ ದಿನಗಟ್ಟಲೆ ಹಾಗೇ ಇರುವ ಮೈ ಅದರದು.

ಉಳಿದದ್ದು ನಾಲ್ಕು. ಸೊರಗುವುದು, ಜಾಸ್ತಿ ನೀರು ಕುಡಿಯುವುದು, ಹಿಂಗಾಲಿನ ಬಿಗಿತ ಮತ್ತು 16 ವರ್ಷ ವಯಸ್ಸು. ಇವನ್ನು ಒಟ್ಟಿಗೆ ಕೇಳಿದರೆ ಮೃಗಾಲಯದ ಯಾವ ಪಶುವೈದ್ಯನಿಗಾದರೂ ಮೊದಲು ಹೊಳೆಯುವುದು ಕಿಡ್ನಿ, ಆಮೇಲೆ ಬೆನ್ನುಮೂಳೆ. ಕಾಡಿನ ಹುಲಿ ಹತ್ತು ಹನ್ನೆರಡು ವರ್ಷ ದಾಟುವುದೇ ಅಪರೂಪ. ಮೃಗಾಲಯದಲ್ಲಿ 16, 18, ಕೆಲವೊಮ್ಮೆ 20ರ ತನಕವೂ ಬದುಕುತ್ತವೆ. ಹಾಗಾಗಿ ಕಾಡಿನಲ್ಲಿ ಕಾಣಸಿಗದ ಮುಪ್ಪಿನ ಕಾಯಿಲೆಗಳೆಲ್ಲ ಇಲ್ಲಿ ಕಾಣುತ್ತವೆ. ವಯಸ್ಸಾದ ದೊಡ್ಡ ಬೆಕ್ಕುಗಳ ಮರಣೋತ್ತರ ಪರೀಕ್ಷೆಯಲ್ಲಿ ಸುಕ್ಕುಗಟ್ಟಿದ, ಗಟ್ಟಿಯಾದ ಕಿಡ್ನಿ ಸಿಗುವುದು ತುಂಬಾ ಮಾಮೂಲು. ಬೆನ್ನುಮೂಳೆಯ ಕೊಂಡಿಗಳ ಮಧ್ಯೆ ಎಲುಬು ಬೆಳೆದು ಸೇತುವೆ ಕಟ್ಟಿದಂತಾಗುವುದೂ ಅಷ್ಟೇ ಮಾಮೂಲು. ನಿಮಗೆ ಕಂಡ ‘ಬಿಗಿ ಹಿಡಿದ ಹಿಂಗಾಲು’ ಅದೇ ಇರಬಹುದು. ಕಾಲಿಗೇನೂ ಆಗಿರುವುದಿಲ್ಲ, ನೋವು ಬೆನ್ನಿನಲ್ಲಿರುತ್ತದೆ.

ಹಾಗಂತ ಕಿಡ್ನಿಯೇ ಅಂತ ಈಗಲೇ ಷರಾ ಬರೆಯುವಂತಿಲ್ಲ. ಕೋರೆಹಲ್ಲು ಮುರಿದು ಒಳಗಿನ ನರ ಕೊಳೆತಿದ್ದರೂ ಹುಲಿ ಸೊರಗುತ್ತದೆ. ಸರಳು ಕಚ್ಚುವ ಚಟ ಇರುವ ಹುಲಿಗಳಲ್ಲಿ ಇದು ಜಾಸ್ತಿ. ಹೆಣ್ಣಾದ್ದರಿಂದ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಆಗಲೂ ನೀರು ವಿಪರೀತ ಕುಡಿಯುತ್ತದೆ. ಈ ಸಾಧ್ಯತೆಯನ್ನು ಯಾರೂ ಮರೆಯಬಾರದು, ಯಾಕೆಂದರೆ ಇದಕ್ಕೆ ಆಪರೇಷನ್ ಇದೆ, ತಡಮಾಡಿದರೆ ಸಾವೂ ಇದೆ. ಕೆಚ್ಚಲಿನ ಗಡ್ಡೆ, ಹೊಟ್ಟೆಯೊಳಗಿನ ಕ್ಯಾನ್ಸರ್, ಜಂತು, ರಕ್ತದ ಪರೋಪಜೀವಿ ಎಲ್ಲವೂ ಪಟ್ಟಿಯಲ್ಲಿವೆ. ರಕ್ತದ ಪರೋಪಜೀವಿ ಎಂದಾಗ ನಂದನಕಾನನ ನೆನಪಿಗೆ ಬರುತ್ತದೆ. 2000ನೇ ಇಸವಿಯಲ್ಲಿ ಒಡಿಶಾದ ಆ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತವು. ಕಾರಣ ಸರ್ರಾ. ನಮ್ಮ ದನ ಕುದುರೆಗಳಿಗೆ ಕಚ್ಚುವ ನೊಣದಿಂದ ಬರುತ್ತದಲ್ಲ, ಅದೇ ರೋಗ. ಗಾಜಿನ ಮೇಲೆ ಒಂದು ಹನಿ ರಕ್ತ ಹರಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ದುಬಾರಿ ಯಂತ್ರವೇನೂ ಬೇಡ.

ಬೇಕಾದದ್ದು ಆ ಒಂದು ಹನಿ ರಕ್ತ. ಕಷ್ಟ ಇರುವುದೂ ಅಲ್ಲೇ.

ನಿಮ್ಮ ನಾಯಿ ಡಾಕ್ಟರ ಮುಂದೆ ಕಾಲು ಚಾಚುತ್ತದೆ. ಹುಲಿ ಚಾಚುವುದಿಲ್ಲ. ಮೇಲಾಗಿ ಅದು ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ಸೋತಂತೆ ಕಂಡ ಹುಲಿಯ ಜಾಗವನ್ನು ಇನ್ನೊಂದು ಹುಲಿ ಕಸಿದುಕೊಳ್ಳುತ್ತದೆ. ಜಿಂಕೆ, ಪಕ್ಷಿಗಳಂತೂ ಬೀಳುವ ಗಳಿಗೆಯವರೆಗೂ ಆರೋಗ್ಯವಾಗಿರುವಂತೆ ನಟಿಸುತ್ತವೆ. ಅದರ ಜೊತೆಗೆ ಮೃಗಾಲಯದ ಪ್ರಾಣಿಗಳಿಗೆಲ್ಲ ಡಾಕ್ಟರ ಮುಖ ಚೆನ್ನಾಗಿ ಗೊತ್ತು, ದನಿಯೂ ಗೊತ್ತು. ಸೂಜಿ ಚುಚ್ಚಿದವನನ್ನು ಹುಲಿ ವರ್ಷಗಟ್ಟಲೆ ಮರೆಯುವುದಿಲ್ಲ. ನಾನು ವಾರ್ಡಿಗೆ ಕಾಲಿಟ್ಟರೆ ಸಾಕು, ಕುಂಟುತ್ತಿದ್ದ ಹುಲಿ ಎದ್ದು ನೆಟ್ಟಗೆ ನಡೆದು ಬಂದು ಗುರ್ ಎನ್ನುತ್ತಿತ್ತು. ಪಾಲಕರು ‘ಬೆಳಿಗ್ಗೆಯಿಂದ ಏಳೋಕೇ ಆಗ್ತಿರಲಿಲ್ಲ ಸರ್’ ಅಂತ ಆಣೆ ಇಡುತ್ತಿದ್ದರು. ಅದಕ್ಕೇ ನಾವು ಸಿಸಿಟಿವಿ ನೋಡುತ್ತೇವೆ, ಮರೆಯಲ್ಲಿ ನಿಲ್ಲುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ ಪಾಲಕರ ಮಾತು ಕೇಳುತ್ತೇವೆ. ನನ್ನ ಅನುಭವದಲ್ಲಿ ಮೃಗಾಲಯದ ಮೊದಲ ಡಯಾಗ್ನೋಸಿಸ್ ಪಾಲಕರದ್ದೇ. ‘ಮೂಳೆ ಬಿಟ್ಟಿದೆ’, ‘ಬಲಗಡೆ ಮಾತ್ರ ಅಗಿಯುತ್ತಿದೆ’, ‘ನಿನ್ನೆ ಲದ್ದಿ ಗಟ್ಟಿಯಾಗಿತ್ತು’ ಅನ್ನುವ ಒಂದೊಂದು ಸಾಲು ಅವರ ದಿನಚರಿ ಪುಸ್ತಕದಲ್ಲಿ ಇರುತ್ತದೆ. ಅದನ್ನು ಓದದ ಡಾಕ್ಟರು ಎಷ್ಟು ಡಿಗ್ರಿ ಪಡೆದಿದ್ದರೂ ಉಪಯೋಗವಿಲ್ಲ.

ಇನ್ನು ಅರಿವಳಿಕೆ. ‘ಒಂದು ಸಲ ಮಲಗಿಸಿ ಎಲ್ಲಾ ನೋಡಿಬಿಡಿ’ ಅನ್ನುವುದು ಕೇಳಲು ಸುಲಭ. ಮಲಗಿಸುವುದೆಂದರೆ ಏನೇನು ಅಂತ ಬರೆದರೆ ನಮ್ಮ ಹಿಂಜರಿಕೆ ನಿಮಗೂ ಅರ್ಥವಾಗುತ್ತದೆ.

ಹಿಂದಿನ ದಿನದಿಂದಲೇ ಮಾಂಸ ನಿಲ್ಲಿಸಬೇಕು. ಇಲ್ಲದಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದೊಂದೇ ಸಾವಿಗೆ ಸಾಕು. ಬಿಸಿಲು ಏರುವ ಮೊದಲೇ ಮುಗಿಸಬೇಕು. ತೂಕದ ಯಂತ್ರ ಇಲ್ಲದ ಕಡೆ ತೂಕವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಔಷಧಿ ಲೆಕ್ಕ ಹಾಕಬೇಕು. ಹುಲಿಯನ್ನು ಒಳಗಿನ ಕೋಣೆಗೆ ಕರೆದು ಔಷಧಿ ತುಂಬಿದ ಸೂಜಿಯನ್ನು ಬ್ಲೋಪೈಪಿನಿಂದ (ಊದುಕೊಳವೆ) ತೊಡೆಗೆ ಊದುತ್ತೇವೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವುದು ಕ್ಸೈಲಜೀನ್ ಮತ್ತು ಕೆಟಮಿನ್ ಜೋಡಿ. ಬೇರೆ ಕಾಡುಪ್ರಾಣಿಗಳಿಗೆ ಚೆನ್ನಾಗಿ ಹೊಂದುವ ಟಿಲೆಟಮಿನ್–ಜೋಲಜೆಪಾಮ್ ಅನ್ನುವ ಇನ್ನೊಂದು ಅರಿವಳಿಕೆ ಜೋಡಿಯನ್ನು ಹುಲಿಗೆ ಕೊಟ್ಟಾಗ ದಿನಗಳ ನಂತರ ಫಿಟ್ಸ್, ತೂರಾಟದಂಥ ತೊಂದರೆ ಬಂದದ್ದು ದಾಖಲಾಗಿದೆ. ಹಾಗಾಗಿ ಹುಲಿಯ ವಿಷಯದಲ್ಲಿ ಬಹಳ ಜನ ಅದನ್ನು ಮುಟ್ಟುವುದಿಲ್ಲ. ಸೂಜಿ ತಾಗಿದ ಮೇಲೆ ಹತ್ತು ಹದಿನೈದು ನಿಮಿಷ ಯಾರೂ ಸದ್ದು ಮಾಡುವಂತಿಲ್ಲ. ಮಲಗಿದ ಮೇಲೆ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಬೇಕು. ಆಮ್ಲಜನಕ, ಉಸಿರು, ನಾಡಿ, ಜ್ವರ ಇವನ್ನು ಬಿಡದೆ ನೋಡುತ್ತಿರಬೇಕು. ಆ ಮುಕ್ಕಾಲು ಗಂಟೆಯಲ್ಲಿ ರಕ್ತ, ಎಕ್ಸ್‌ರೇ, ಸ್ಕ್ಯಾನ್, ಹಲ್ಲು ಎಲ್ಲ ಮುಗಿಯಬೇಕು.

ಗಟ್ಟಿಮುಟ್ಟಾದ ಆರು ವರ್ಷದ ಹುಲಿಗೆ ಇದು ಅಷ್ಟು ಅಪಾಯವಲ್ಲ. ಆದರೆ 16 ವರ್ಷದ, ಕಿಡ್ನಿ ಸೋತಿರಬಹುದಾದ ಹುಲಿಗೆ ಲೆಕ್ಕ ಬದಲಾಗುತ್ತದೆ. ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಮೊದಲು ಏಟು ತಿನ್ನುವುದು ಕಿಡ್ನಿಯೇ. ಬೆಕ್ಕಿನ ಜಾತಿಯಲ್ಲಿ ಕೆಟಮಿನ್ ಹೊರಹೋಗುವುದೂ ಬಹುಪಾಲು ಕಿಡ್ನಿಯ ಮೂಲಕ. ಕ್ಸೈಲಜೀನಿಗೆ ಪ್ರತಿಮದ್ದು ಇದೆ, ಕೆಟಮಿನಿಗೆ ಇಲ್ಲ. ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಯಲು ಕೊಡುವ ಔಷಧಿಯೇ ಉಳಿದ ಕಿಡ್ನಿಯನ್ನು ಕೆಡಿಸಬಹುದು. ಬೆಳಿಗ್ಗೆ ಮಲಗಿಸಿದ ಮುದಿ ಹುಲಿ ಸಂಜೆಯವರೆಗೂ ತೂಗಾಡುತ್ತಲೇ ಇರುವುದನ್ನು ನೋಡಿದವರಿಗೆ ಈ ಭಯ ಚೆನ್ನಾಗಿ ಗೊತ್ತು. ಹುಲಿಯ ಮೇಲೆ ಮಾಡುವ ಪ್ರತಿ ಪರೀಕ್ಷೆಗೂ ಒಂದು ಬೆಲೆ ಇದೆ, ಕಟ್ಟುವುದು ಹುಲಿ. ಆ ಬೆಲೆ ಯಾವಾಗ ಕಟ್ಟಿಸಬೇಕು, ಯಾವಾಗ ಕಟ್ಟಿಸಬಾರದು ಅನ್ನುವ ತೀರ್ಮಾನವೇ ನಮ್ಮ ವೃತ್ತಿಯ ಕಷ್ಟದ ಭಾಗ. ಔಷಧಿ ಬರೆಯುವುದು ಆಮೇಲಿನ ಮಾತು.

ಹಾಗಾದರೆ ಮುಟ್ಟದೆ ಏನೇನು ತಿಳಿಯಬಹುದು? ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ರಾತ್ರಿ ಹುಲಿ ಮಲಗುವ ಕೋಣೆಯ ನೆಲ ತೊಳೆದು ಒಣಗಿಸಿಟ್ಟರೆ ಬೆಳಿಗ್ಗೆ ಮೂತ್ರ ಸಿಗುತ್ತದೆ. ಸಿರಿಂಜಿನಲ್ಲಿ ಎಳೆದುಕೊಂಡು ಅಂಗೈಯಗಲದ ಒಂದು ಉಪಕರಣದಲ್ಲಿ ಅದರ ಸಾಂದ್ರತೆ ನೋಡಬಹುದು. ನೀರಿನದು 1.000 ಆದರೆ ಆರೋಗ್ಯವಂತ ಮನೆಬೆಕ್ಕಿನ ಮೂತ್ರ 1.035 ದಾಟಿರುತ್ತದೆ. ಹುಲಿಯ ಮೂತ್ರವೂ ಹಾಗೇ ಗಟ್ಟಿಯಾಗಿರಬೇಕು. ದಿನವೂ 1.010ರ ಆಸುಪಾಸಿನಲ್ಲೇ ನಿಂತಿದ್ದರೆ ಕಿಡ್ನಿಗೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗಿದೆ ಅಂತ ಅರ್ಥ. ಕಿಡ್ನಿಯ ಮೂರನೇ ಎರಡು ಪಾಲು ಹಾಳಾದ ಮೇಲೆಯೇ ಇದು ಕಾಣುವುದು. ರಕ್ತದಲ್ಲಿ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಸೋಸಿ ಹೊರಹಾಕುವ ಕಸ) ಏರಬೇಕಾದರೆ ಮುಕ್ಕಾಲು ಪಾಲು ಹೋಗಿರಬೇಕು. ಅಂದರೆ ನೆಲದ ಮೇಲಿನ ಮೂತ್ರ ರಕ್ತಕ್ಕಿಂತ ಮೊದಲೇ ಮಾತಾಡುತ್ತದೆ, ಅರಿವಳಿಕೆ ಇಲ್ಲದೆ, ಪುಕ್ಕಟೆಯಾಗಿ. ಇದನ್ನು ಮಾಡದೆ ನೇರ ಡಾರ್ಟ್ ಗನ್ನಿಗೆ ಕೈ ಹಾಕುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ತೊಟ್ಟಿಗೆ ಎಷ್ಟು ಲೀಟರ್ ನೀರು ಹಾಕಿದರು, ಎಷ್ಟು ಉಳಿಯಿತು ಅಂತ ಅಳೆಯಬಹುದು. ಕೋಣೆಗೆ ಹೋಗುವ ದಾರಿಯಲ್ಲಿ ನೆಲಮಟ್ಟಕ್ಕೆ ತೂಕದ ಹಲಗೆ ಕೂರಿಸಿದರೆ ವಾರಕ್ಕೊಮ್ಮೆ ತೂಕ ಸಿಗುತ್ತದೆ. ಕಣ್ಣಿಗೆ ‘ಸೊರಗಿದೆ’ ಅಂತ ಕಾಣುವ ಮೊದಲೇ ಕಾಗದದ ಮೇಲೆ ಕಾಣುತ್ತದೆ. ಲದ್ದಿಯಲ್ಲಿ ಜಂತಿನ ಮೊಟ್ಟೆ ನೋಡಬಹುದು. ಮಾಂಸ ಕಚ್ಚುವಾಗ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿದರೆ ಹಲ್ಲಿನ ನೋವು ಗೊತ್ತಾಗುತ್ತದೆ.

ರಕ್ತ ಬೇಕೇ ಬೇಕು ಅಂದಾಗ ಎರಡು ದಾರಿ ಇವೆ. ಒಂದು ಸ್ಕ್ವೀಜ್ ಕೇಜ್. ಒಂದು ಗೋಡೆ ಸರಿದು ಹುಲಿಯನ್ನು ಸರಳಿಗೆ ಒತ್ತಿ ಹಿಡಿಯುವ ಪಂಜರ. ಬಾಲದ ರಕ್ತನಾಳದಿಂದ ರಕ್ತ ತೆಗೆಯಬಹುದು, ಡ್ರಿಪ್ಪನ್ನೂ ಕೊಡಬಹುದು. ಆದರೆ ಹುಲಿ ಗಾಬರಿಯಾಗಿ ಸರಳಿಗೆ ಬಡಿದುಕೊಂಡರೆ ಹಲ್ಲು, ಉಗುರು ಮುರಿಯುತ್ತವೆ. ಎರಡನೆಯದು ತರಬೇತಿ. ಕೋಲಿನ ತುದಿಗೆ ಮಾಂಸದ ಚೂರು, ಬಾಯಲ್ಲಿ ಸೀಟಿ. ಸರಳಿನಾಚೆಯಿಂದಲೇ ಹುಲಿಗೆ ಬದಿಗೆ ಮಲಗಲು, ಸಂದಿಯಲ್ಲಿ ಬಾಲ ಬಿಡಲು, ಸೂಜಿ ಚುಚ್ಚಿದರೂ ಸುಮ್ಮನಿರಲು ಕಲಿಸುವುದು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಆದರೆ ಕಲಿತ ಹುಲಿ ಅರಿವಳಿಕೆ ಇಲ್ಲದೆ ರಕ್ತ ಕೊಡುತ್ತದೆ. ಹೊರದೇಶಗಳಲ್ಲಿ ಇದು ಸಾಮಾನ್ಯವಾಗಿದೆ, ನಮ್ಮ ಕೆಲವು ಮೃಗಾಲಯಗಳಲ್ಲೂ ಶುರುವಾಗಿದೆ. ಹದಿನಾರು ವರ್ಷದ ಹುಲಿ ಹೊಸದಾಗಿ ಕಲಿಯುತ್ತದಾ ಅಂತ ಕೇಳಬಹುದು. ಕಲಿಯುತ್ತದೆ, ಹಸಿವು ಉಳಿದಿದ್ದರೆ.

ರಿಪೋರ್ಟ್ ಬಂದ ಮೇಲೂ ಒಂದು ಗುಂಡಿ ಇದೆ. ನಾಯಿ, ಬೆಕ್ಕುಗಳಿಗೆ ಮಾಡಿದ ಲ್ಯಾಬ್ ಯಂತ್ರ ಹುಲಿಯ ರಕ್ತ ಕಂಡರೆ ಕೆಂಪು ಗುರುತು ಹಾಕುತ್ತದೆ. ಹುಲಿಯ ಮೈತುಂಬ ಮಾಂಸಖಂಡ. ಹಾಗಾಗಿ ಅದರ ಕ್ರಿಯಾಟಿನಿನ್ ಸಹಜವಾಗಿಯೇ ಜಾಸ್ತಿ. ನಾಯಿಗೆ 2.5 ಬಂದರೆ ಚಿಂತೆಯ ವಿಷಯ, ಹುಲಿಗೆ ಅದು ಮಾಮೂಲು. ಒಂದು ಅಂಕಿ ನೋಡಿ ‘ಕಿಡ್ನಿ ಫೇಲ್’ ಅನ್ನುವ ಸುದ್ದಿ ಹಬ್ಬುವುದು ಹೀಗೇ. ಅದೇ ಹುಲಿಯ ಹೋದ ವರ್ಷದ ಅಂಕಿಯ ಜೊತೆ ಹೋಲಿಸಬೇಕು. ಜೊತೆಗೆ ಮೂತ್ರದ ಸಾಂದ್ರತೆ, ರಂಜಕ, ತೂಕ ಎಲ್ಲವನ್ನೂ ಇಟ್ಟು ನೋಡಬೇಕು.

ಈಗ ಚಿಕಿತ್ಸೆಗೆ ಬರೋಣ. ಕಿಡ್ನಿಯೇ ಅಂತ ಆದರೆ ಏನು ಮಾಡಬಹುದು? ವಾಸಿ ಮಾಡುವ ಔಷಧಿ ಇಲ್ಲ. ಇರುವ ಕಿಡ್ನಿಯನ್ನು ಜೋಪಾನ ಮಾಡುವುದು, ಅಷ್ಟೇ. ನೀರು ಸದಾ ಸಿಗಬೇಕು. ಮಾಂಸದ ಜೊತೆ ಸಾರಿನಂತೆ ನೀರು ಬೆರೆಸಿ ಕೊಡುತ್ತೇವೆ. ರಂಜಕ ಕಡಿಮೆ ಮಾಡುವ ಪುಡಿ, ವಾಕರಿಕೆ ನಿಲ್ಲಿಸುವ ಮಾತ್ರೆ ಕೊಡಬಹುದು. ಮಾತ್ರೆ ತಿನ್ನಿಸುವುದೇ ಒಂದು ಕಲೆ. ಕೋಳಿ ಲಿವರ್ ಒಳಗೆ ಬಚ್ಚಿಟ್ಟದ್ದನ್ನು ಮೊದಲ ದಿನ ನುಂಗುತ್ತದೆ. ಮರುದಿನ ಲಿವರ್ ತಿಂದು ಮಾತ್ರೆಯನ್ನು ಮಾತ್ರ ನೆಲಕ್ಕೆ ಉಗಿದಿರುತ್ತದೆ. ಅದಕ್ಕೇ ಮೊದಲು ಎರಡು ಖಾಲಿ ತುಂಡು, ಮೂರನೆಯದರಲ್ಲಿ ಮಾತ್ರೆ, ಬೆನ್ನಿಗೇ ನಾಲ್ಕನೆಯ ತುಂಡು ಅಂತ ಪಾಲಕರು ಲೆಕ್ಕ ಇಟ್ಟುಕೊಂಡಿರುತ್ತಾರೆ.

ಕಿಡ್ನಿ ಮತ್ತು ಬೆನ್ನುನೋವು ಎರಡೂ ಇದ್ದಾಗ ತಲೆನೋವು ಶುರು. ಬೆನ್ನುನೋವಿಗೆ ಒಳ್ಳೆಯ ಔಷಧಿ ಮೆಲಾಕ್ಸಿಕಾಮ್. ಅದು ಕಿಡ್ನಿಗೆ ಒಳ್ಳೆಯದಲ್ಲ. ಕೊಡದಿದ್ದರೆ ಹುಲಿ ನೋವಿಗೆ ಎದ್ದು ನೀರಿನ ತೊಟ್ಟಿಗೇ ಹೋಗುವುದಿಲ್ಲ, ಅದರಿಂದಲೂ ಕಿಡ್ನಿ ಕೆಡುತ್ತದೆ. ಕೆಲವರು ಗಬಾಪೆಂಟಿನ್ ಕೊಡುತ್ತಾರೆ. ಅದನ್ನೂ ಹೊರಹಾಕುವುದು ಕಿಡ್ನಿಯೇ ಆದ್ದರಿಂದ ಪ್ರಮಾಣ ಇಳಿಸಬೇಕು. ನಾನಾಗಿದ್ದರೆ ಮಾತ್ರೆಗೆ ಮೊದಲು ಕೋಣೆ ಬದಲಿಸುತ್ತೇನೆ. ಸಿಮೆಂಟ್ ನೆಲದ ಮೇಲೆ ಮರದ ಹಲಗೆ, ಹುಲ್ಲಿನ ಹಾಸಿಗೆ, ಎತ್ತರದ ಅಟ್ಟಣಿಗೆಗೆ ಇಳಿಜಾರು, ಚಳಿಗೆ ಹೀಟರ್, ಹತ್ತಿರದಲ್ಲೇ ಇನ್ನೊಂದು ನೀರಿನ ತೊಟ್ಟಿ. ಆಮೇಲೆ ಅತಿ ಕಡಿಮೆ ಪ್ರಮಾಣದಲ್ಲಿ ನೋವಿನ ಔಷಧಿ. ಆಯುಸ್ಸು ಎರಡು ತಿಂಗಳು ಕಡಿಮೆಯಾದರೂ ಸರಿ, ಇರುವಷ್ಟು ದಿನ ನೋವಿಲ್ಲದೆ ನಡೆಯಲಿ ಅನ್ನುವ ಪಕ್ಷ ನನ್ನದು. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ.

ಅರಿವಳಿಕೆ ಯಾವಾಗ ಕೊಡಲೇಬೇಕು? ವಾಸಿಯಾಗುವಂಥದ್ದೇನೋ ಇದೆ ಅನ್ನುವ ಸುಳಿವು ಸಿಕ್ಕಾಗ. ಕೆಳಗಿನಿಂದ ಕೀವು ಸೋರಿದರೆ, ಜೊಲ್ಲು ಸುರಿಸುತ್ತಾ ಒಂದೇ ಕಡೆ ಅಗಿದರೆ, ಥಟ್ಟನೆ ಮೂರು ದಿನ ಊಟ ಬಿಟ್ಟರೆ ಕಾಯುವುದು ತಪ್ಪು. ಅಪಾಯ ತಿಳಿದೇ ಮಲಗಿಸಬೇಕು. ಡ್ರಿಪ್ ಹಾಕಿ, ಔಷಧಿ ತಗ್ಗಿಸಿ, ಒಂದೇ ಸಲಕ್ಕೆ ಎಲ್ಲ ಕೆಲಸ ಮುಗಿಸಿ ಎಬ್ಬಿಸಬೇಕು. ಇನ್ನು ಕೆಲವು ರೋಗಗಳಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಆನೆಮರಿಗಳನ್ನು ಕಾಡುವ ಹರ್ಪಿಸ್ ವೈರಸ್ ಅಂಥದ್ದು. ಬೆಳಿಗ್ಗೆ ಸ್ವಲ್ಪ ಮಂಕಾಗಿದ್ದ ಮರಿಯ ನಾಲಿಗೆ ಸಂಜೆಗೆ ನೀಲಿಗಟ್ಟಬಹುದು, ಒಂದೆರಡು ದಿನದಲ್ಲಿ ಸಾಯಬಹುದು. 2019ರಲ್ಲಿ ನಂದನಕಾನನದಲ್ಲೇ ನಾಲ್ಕು ಎಳೆಯ ಆನೆಗಳು ಇದಕ್ಕೆ ಬಲಿಯಾದವು. ಅಲ್ಲಿ ಲ್ಯಾಬ್ ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ. ಅದನ್ನು ನೋಡಿದವರು ‘ಹುಲಿಗೆ ಯಾಕೆ ಹೀಗೆ ಮಾಡಲಿಲ್ಲ’ ಅನ್ನುತ್ತಾರೆ. ಎರಡೂ ಬೇರೆ ಬೇರೆ ಲೆಕ್ಕ.

ಲಸಿಕೆಯ ಪ್ರಶ್ನೆಗೆ ಬರುತ್ತೇನೆ. ಬನ್ನೇರುಘಟ್ಟದ ಮರಿಗಳನ್ನು ಕೊಂದದ್ದು ಫಿಲೈನ್ ಪ್ಯಾನ್‌ಲ್ಯೂಕೋಪೀನಿಯಾ. ನಾಯಿಮರಿಗಳಿಗೆ ಬರುವ ಪಾರ್ವೋ ವೈರಸ್ಸಿನ ಸಂಬಂಧಿಯೇ ಇದು. ಕರುಳಿನ ಒಳಪದರ ಕಿತ್ತುಬರುತ್ತದೆ, ಎಲುಬಿನ ಮಜ್ಜೆ ಕೆಡುತ್ತದೆ, ಬಿಳಿ ರಕ್ತಕಣ ಕುಸಿಯುತ್ತದೆ. ಬೀದಿಬೆಕ್ಕುಗಳಲ್ಲಿ ಸದಾ ಇರುವ ವೈರಸ್. ಒಳಗೆ ಬರಲು ಬೆಕ್ಕೇ ಬರಬೇಕಿಲ್ಲ, ಚಪ್ಪಲಿ, ಬಕೆಟ್, ಬಟ್ಟೆ ಸಾಕು. ಗೋಡೆ ನೆಲದಲ್ಲಿ ತಿಂಗಳುಗಟ್ಟಲೆ, ಅನುಕೂಲ ಸಿಕ್ಕರೆ ವರ್ಷದವರೆಗೂ ಜೀವ ಹಿಡಿದಿರುತ್ತದೆ. ಸ್ಯಾನಿಟೈಸರಿಗೆ ಜಗ್ಗುವುದಿಲ್ಲ. ಕೊಳೆ ತೊಳೆದ ಮೇಲೆ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಡಬೇಕು.

ಲಸಿಕೆ ಹಾಕಿದರೂ ಯಾಕೆ ಬಂತು? ಮರಿಗೆ ಮೊದಲ ರಕ್ಷಣೆ ತಾಯಿಯ ಹಾಲಿನಿಂದ. ಆ ರಕ್ಷಣೆ ಇರುವಷ್ಟು ದಿನ ಲಸಿಕೆ ಹಾಕಿದರೂ ತಾಯಿಯ ಪ್ರತಿಕಾಯಗಳೇ ಅದನ್ನು ಅಡಗಿಸಿಬಿಡುತ್ತವೆ. ರಕ್ಷಣೆ ಇಳಿಯುತ್ತಾ ಹೋದಂತೆ ಒಂದು ಹಂತ ಬರುತ್ತದೆ. ತಾಯಿಯದು ವೈರಸ್ ತಡೆಯುವಷ್ಟು ಉಳಿದಿರುವುದಿಲ್ಲ, ಲಸಿಕೆ ಹಿಡಿಯದಷ್ಟು ಮಾತ್ರ ಉಳಿದಿರುತ್ತದೆ. ಆ ಕೆಲವು ವಾರಗಳಲ್ಲಿ ಮರಿ ಬಯಲಿಗೆ ಬಿದ್ದಂತೆ. ಯಾವ ಮರಿಗೆ ಯಾವ ವಾರ ಅಂತ ಹೇಳಲು ಬರುವುದಿಲ್ಲ. ಅದಕ್ಕೇ ಎಂಟು, ಹನ್ನೆರಡು, ಹದಿನಾರು ವಾರ ಅಂತ ಮರುಡೋಸ್ ಕೊಡುವುದು. ಕಾಡಿನಿಂದ ತಂದ ಅನಾಥ ಮರಿಗಳಾದರೆ ತಾಯಿಯ ಹಾಲು ಎಷ್ಟು ಕುಡಿದಿದ್ದವು ಅನ್ನುವುದೇ ಗೊತ್ತಿರುವುದಿಲ್ಲ. ಇದು ಲಸಿಕೆಯ ಮಿತಿಯ ಬಗ್ಗೆ ಸಾಮಾನ್ಯವಾಗಿ ಹೇಳುವ ಮಾತು. ಬನ್ನೇರುಘಟ್ಟದ ಒಂದೊಂದು ಮರಿಗೂ ಇದೇ ಆಯಿತು ಅಂತ ನಾನು ಹೇಳುತ್ತಿಲ್ಲ.

ಜೊತೆಗೆ, ಹುಲಿ ಚಿರತೆಗಳಿಗೆ ಅಂತಲೇ ತಯಾರಿಸಿದ ಲಸಿಕೆ ಮಾರುಕಟ್ಟೆಯಲ್ಲಿಲ್ಲ. ಮನೆಬೆಕ್ಕಿನದ್ದನ್ನೇ ಹಾಕುತ್ತೇವೆ. ಅದರಲ್ಲೂ ಸತ್ತ ವೈರಸ್ಸಿನ ಲಸಿಕೆಗೆ ಆದ್ಯತೆ. ದುರ್ಬಲಗೊಳಿಸಿದ ಜೀವಂತ ವೈರಸ್ ಮನೆಪ್ರಾಣಿಗೆ ಸಾಧುವಾಗಿದ್ದರೂ ಕಾಡುಪ್ರಾಣಿಗೆ ರೋಗ ತರಬಹುದು. ನಾಯಿಗಳಿಗೆ ಬರುವ ವೈರಸ್ ರೋಗವಾದ ಡಿಸ್ಟೆಂಪರಿನ ಲಸಿಕೆಯಿಂದಲೇ ರೆಡ್ ಪಾಂಡಾಗಳು ಡಿಸ್ಟೆಂಪರ್ ಬಂದು ಸತ್ತ ಉದಾಹರಣೆ ಇದೆ. 2018ರಲ್ಲಿ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತು, ಕೆಲವುದರಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾದಾಗ ಅಮೆರಿಕದಿಂದ ಬೇರೆ ಬಗೆಯ ಲಸಿಕೆ ತರಿಸಬೇಕಾಯಿತು. ಹಾಗಂತ ಲಸಿಕೆ ದಂಡ ಅಲ್ಲ. ಲಸಿಕೆ, ಬೀದಿಬೆಕ್ಕು ನಾಯಿಗಳು ಒಳಗೆ ಬರದ ಬೇಲಿ, ಮರಿಗಳ ಪಾಲಕರಿಗೆ ಬೇರೆಯೇ ಬೂಟು, ಹೊಸ ಪ್ರಾಣಿಗೆ ಕ್ವಾರಂಟೈನ್, ಇಷ್ಟೂ ಇದ್ದರೆ ಕೆಲಸ ಮಾಡುತ್ತದೆ. ನಿಮ್ಮ ಹುಲಿಯ ವಿಷಯಕ್ಕೆ ಇದು ಅಷ್ಟಾಗಿ ಸಂಬಂಧಿಸಿದ್ದಲ್ಲ. ಪ್ಯಾನ್‌ಲ್ಯೂಕೋಪೀನಿಯಾ ಹೆಚ್ಚಾಗಿ ಕಾಡುವುದು ಮರಿಗಳನ್ನು, ಆರು ತಿಂಗಳು ನಿಧಾನವಾಗಿ ಸೊರಗಿಸುವ ರೋಗ ಅದಲ್ಲ.

ದಯಾಮರಣದ ಮಾತೂ ಎತ್ತಿದ್ದೀರಿ. ಹುಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ವಾಸಿಯಾಗುವುದೇ ಇಲ್ಲ ಅಂತ ಖಚಿತವಾದಾಗ ಮಾತ್ರ ಕಾನೂನಿನಲ್ಲಿ ಅವಕಾಶವಿದೆ. ಡಾಕ್ಟರು ಒಬ್ಬರೇ ತೀರ್ಮಾನಿಸುವಂತಿಲ್ಲ, ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಅನುಮತಿ ಬೇಕು. ನಮ್ಮಲ್ಲಿ ಇದು ನಡೆಯುವುದು ತೀರಾ ಕಡಿಮೆ. ನಡೆಯಬೇಕಾದಷ್ಟು ನಡೆಯುವುದಿಲ್ಲ ಅಂತಲೇ ನನ್ನ ಅಭಿಪ್ರಾಯ. ಕಾಗದ ಓಡಾಡುವಷ್ಟರಲ್ಲಿ ಪ್ರಾಣಿ ತಾನಾಗಿಯೇ ಹೋಗಿರುತ್ತದೆ, ಹೋಗುವ ದಾರಿ ಮಾತ್ರ ಸುಖದ್ದಾಗಿರುವುದಿಲ್ಲ. ನಿಮ್ಮ ಹುಲಿ ಇನ್ನೂ ಎದ್ದು ನಡೆಯುತ್ತಿದೆ, ನೀರು ಕುಡಿಯುತ್ತಿದೆ. ಆ ಮಾತಿಗೆ ಸಮಯ ಬಂದಿಲ್ಲ.

ಮುಚ್ಚಿಡುತ್ತಿದ್ದಾರಾ? ಇರಬಹುದು, ಇಲ್ಲದೆಯೂ ಇರಬಹುದು. ಕಾಯಿಲೆಯ ಪ್ರಾಣಿಯನ್ನು ಪ್ರದರ್ಶನಕ್ಕೆ ಬಿಡಬಾರದು ಅಂತ ನಿಯಮವಿದೆ. ಆದರೆ ಮುಪ್ಪು ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಸುಲಭವಲ್ಲ. ಬಿಸಿಲಿಗೆ ಮೈಯೊಡ್ಡಿ ಮಲಗುವ ಮುದಿ ಹುಲಿಯನ್ನು ಕತ್ತಲ ಕೋಣೆಗೆ ತಳ್ಳುವುದು ಅದಕ್ಕೆ ಉಪಕಾರವೂ ಅಲ್ಲ. ಮೃಗಾಲಯಗಳು ಸುದ್ದಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತವೆ ಅನ್ನುವುದು ನಿಜ. ಅದರಿಂದ ಅನುಮಾನ ಇನ್ನೂ ಹೆಚ್ಚಾಗುತ್ತದೆ.

ನೀವು ದತ್ತು ಪಡೆದವರು, ಕೇಳಬಹುದು. ‘ಯಾಕೆ ಪರೀಕ್ಷೆ ಮಾಡಿಲ್ಲ’ ಅಂತ ಶುರು ಮಾಡಬೇಡಿ, ಬಾಗಿಲು ಮುಚ್ಚುತ್ತದೆ. ನಿರ್ದೇಶಕರಿಗೆ ಒಂದು ಪತ್ರ ಬರೆಯಿರಿ. ಕಳೆದ ಆರು ತಿಂಗಳ ತೂಕ ಎಷ್ಟಿದೆ, ಮೂತ್ರದ ಸಾಂದ್ರತೆ ನೋಡಿದ್ದಾರಾ, ದಿನಕ್ಕೆ ಎಷ್ಟು ಮಾಂಸ ಹಾಕಿ ಎಷ್ಟು ಉಳಿಯುತ್ತಿದೆ, ನೋವಿಗೆ ಏನು ಕೊಡುತ್ತಿದ್ದಾರೆ, ಮಲಗುವ ಕೋಣೆಯಲ್ಲಿ ಹಲಗೆ ಇದೆಯಾ ಅಂತ ಕೇಳಿ. ನೀವು ಕಂಡದ್ದನ್ನು ದಿನಾಂಕ ಹಾಕಿ ಬರೆಯಿರಿ. ಮೊಬೈಲಿನಲ್ಲಿ ಅದು ನಡೆಯುವ ವಿಡಿಯೋ ಇದ್ದರೆ ಕಳಿಸಿ, ಆರು ತಿಂಗಳ ಹಿಂದಿನದ್ದೂ ಇದ್ದರೆ ಜೊತೆಗಿಡಿ. ಡಾಕ್ಟರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅವರು ಬಂದಾಗ ಹುಲಿ ನಟಿಸುತ್ತದೆ, ನಿಮ್ಮ ಮುಂದೆ ನಟಿಸುವುದಿಲ್ಲ. ಫೈಲ್ ತೆಗೆದು ತೂಕದ ಪಟ್ಟಿ ತೋರಿಸಿದರೆ ಅವರು ನೋಡುತ್ತಿದ್ದಾರೆ ಅಂತ ನಂಬಿ. ‘ಎಲ್ಲಾ ಚೆನ್ನಾಗಿದೆ’ ಅಂತ ಒಂದೇ ಸಾಲಿನ ಉತ್ತರ ಬಂದರೆ ಮಾಹಿತಿ ಹಕ್ಕಿನಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ.